ತಾಯಿಯ ಮೈಕೈ ನೋವು

ನಮ್ಮ ಮನೆಗಳಲ್ಲಿ ‘ಮೈಕೈ ನೋವು’ ಎಂಬ ಮಾತು ಕೇಳಿಬರದ ವಾರವಿಲ್ಲ. ಮಳೆಯಲ್ಲಿ ನೆನೆದವನಿಗೂ ಮೈಕೈ ನೋವು. ಜಾತ್ರೆಗೆ ಹೋಗಿಬಂದವನಿಗೂ ಮೈಕೈ ನೋವು. ನಾಟಿಯ ಕೆಲಸ ಮುಗಿಸಿ ಗದ್ದೆಯಿಂದ ಬಂದವಳಿಗೂ ಮೈಕೈ ನೋವು. ಇಷ್ಟು ಸರ್ವಸಾಧಾರಣವಾದ ಮಾತಾದುದರಿಂದಲೇ ಅದಕ್ಕೆ ಬೆಲೆಯಿಲ್ಲದಂತಾಗಿದೆ. ಮನೆಯ ಗೃಹಿಣಿಯು ವರ್ಷಗಟ್ಟಲೆ ಇದೊಂದೇ ಮಾತನ್ನಾಡುತ್ತಿದ್ದರೆ ಕೇಳುವವರು ‘ಹೂಂ’ ಎಂದು ತಮ್ಮ ತಮ್ಮ ಕೆಲಸಕ್ಕೆ ಹೊರಟುಹೋಗುವರು. ಕೆಲವು ಕಾಲದ ಮೇಲೆ ಆಕೆಯೂ ಹೇಳುವುದನ್ನು ನಿಲ್ಲಿಸಿಬಿಡುವಳು. ಹೀಗೆ ಯಾರ ಕಿವಿಗೂ ಬೀಳದೆ ಉಳಿದ ಮೈಕೈ ನೋವುಗಳಲ್ಲಿ ಕೆಲವು ಒಂದು ನಿರ್ದಿಷ್ಟವಾದ ವ್ಯಾಧಿಯ ಲಕ್ಷಣಗಳು. ವೈದ್ಯರು ಅದನ್ನು ಫೈಬ್ರೊಮಯಾಲ್ಜಿಯ ಎಂದು ಕರೆಯುತ್ತಾರೆ. ನೂರು ಮಂದಿಯಲ್ಲಿ ಎರಡರಿಂದ ನಾಲ್ಕು ಮಂದಿಗೆ ಅದು ಇರುವುದೆಂದು ಲೆಕ್ಕ. ಅವರಲ್ಲಿ ಹೆಂಗಸರೇ ಹೆಚ್ಚು. ತಾಯಿಗೋ ತಂದೆಗೋ ಈ ವ್ಯಾಧಿಯು ಬಂದಿರುವ ಮನೆಗಳಲ್ಲಿ ಮಕ್ಕಳೂ ಸೊಸೆಯಂದಿರೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯಬೇಕೆಂದಿದ್ದೇನೆ.

ಹೆಸರು ಉದ್ದವಾದರೂ ಅರ್ಥವು ಸರಳವಾಗಿದೆ. ‘ಫೈಬ್ರ’ ಎಂಬುದು ಲ್ಯಾಟಿನ್ ಶಬ್ದ, ತಂತು ಎಂದರ್ಥ; ‘ಮೈಸ್’ ಎಂಬ ಗ್ರೀಕ್ ಶಬ್ದಕ್ಕೆ ಮಾಂಸಖಂಡವೆಂದೂ, ‘ಆಲ್ಗೊಸ್’ ಎಂಬುದಕ್ಕೆ ನೋವೆಂದೂ ಅರ್ಥ. (ಈ ‘ಮೈಸ್’ ಎಂಬುದಕ್ಕೆ ಗ್ರೀಕರಲ್ಲಿ ಇಲಿ ಎಂಬ ಅರ್ಥವೂ ಉಂಟು; ನಮ್ಮ ‘ಮೂಷಿಕ’ ಶಬ್ದವು ಅದರ ಜ್ಞಾತಿ. ಚರ್ಮದ ಕೆಳಗೆ ಮಾಂಸಖಂಡವು ಅಲುಗುವುದು ಇಲಿ ಓಡಿದಂತೆ ಕಂಡಿತೆಂದು ಹೇಳುವರು. ಶಬ್ದವ್ಯುತ್ಪತ್ತಿಯಲ್ಲಿ ರುಚಿಯಿಲ್ಲದವರು ಈ ವಿಷಯಾಂತರವನ್ನು ಮನ್ನಿಸಬೇಕು.) ೧೯೦೪ರಲ್ಲಿ ಇಂಗ್ಲೆಂಡಿನ ಸರ್ ವಿಲಿಯಂ ಗೌವರ್ಸ್ ಎಂಬ ವೈದ್ಯರು ಸೊಂಟನೋವನ್ನು ಕುರಿತ ಉಪನ್ಯಾಸವೊಂದರಲ್ಲಿ ಇಂಥ ನೋವಿಗೆ ‘ಫೈಬ್ರೊಸೈಟಿಸ್’ ಎಂದು ಹೆಸರಿಟ್ಟರು, ತಂತುಗಳಲ್ಲಿ ಉರಿಯೂತವಿರುವುದೆಂಬುದು ಅವರ ಊಹೆ. ಮುಂದೆ ಹುಡುಕಿ ನೋಡಿದವರಿಗೆ ಆ ಉರಿಯೂತವು ಸಿಕ್ಕಲಿಲ್ಲ. ಆದುದರಿಂದ ೧೯೭೬ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಎಂಬವರು ಹೆಸರಿನಿಂದ ಉರಿಯೂತದ ಅರ್ಥವನ್ನು ತೆಗೆದು, ನೋವಿನ ಅರ್ಥವನ್ನು ಮಾತ್ರ ಉಳಿಸಿ, ಈಗಿನ ಹೆಸರನ್ನು ಬಳಕೆಗೆ ತಂದರು. ನೋವು ಉಂಟು, ನೋಯುವ ಜಾಗದಲ್ಲಿ ಗಾಯವಾಗಲಿ ಬಾವಾಗಲಿ ಇಲ್ಲ ಎಂಬ ಸಂಗತಿಯು ಅಂದಿನಿಂದ ವೈದ್ಯರಲ್ಲಿ ರೂಢವಾಯಿತು.

ವ್ಯಾಧಿಯೇ ಹೊಸದೆಂದು ಭಾವಿಸಬೇಕಾದುದಿಲ್ಲ. ಚರಕಸಂಹಿತೆಯ ವಾತವ್ಯಾಧಿ ಚಿಕಿತ್ಸಾಧ್ಯಾಯದಲ್ಲಿ, ವಾತವು ಮಾಂಸಮೇದಸ್ಸುಗಳನ್ನು ಹೊಕ್ಕಾಗ ಅಂಗಾಂಗಗಳು ಭಾರವಾಗುವುವೆಂದೂ, ಕೋಲಿನ ಪೆಟ್ಟನ್ನೂ ಮುಷ್ಟಿಯ ಪೆಟ್ಟನ್ನೂ ತಿಂದಂತೆ ನೋಯುವುವೆಂದೂ, ಬಳಲಿಕೆಯು ವಿಪರೀತವಾಗುವುದೆಂದೂ ವರ್ಣಿಸಿದ್ದಾರೆ. ಇಂದಿನ ರೋಗಿಗಳೂ ‘ಯಾರೋ ಹಿಡಿದುಕೊಂಡು ಹೊಡೆದ ಹಾಗಿದೆ’ ಎಂದೇ ಹೇಳುವರು. ಇದರಿಂದ ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಸಾಧಿಸಹೊರಡುವವರ ಗುಂಪಿಗೆ ನಾನು ಸೇರಿದವನಲ್ಲ; ಎರಡೂ ಒಂದೇ ವ್ಯಾಧಿಯೆಂದು ನಿರ್ಣಯಿಸುವ ಅಧಿಕಾರವೂ ನನಗಿಲ್ಲ. ಪೆಟ್ಟು ಬೀಳದ ಮೈಯಲ್ಲಿಯೂ ಪೆಟ್ಟು ತಿಂದಂತಹ ನೋವು ಇರಬಲ್ಲುದೆಂದು ನಂಬಿ ಬರೆದಿಟ್ಟ ವೈದ್ಯರು ನಮ್ಮಲ್ಲಿದ್ದರೆಂಬಷ್ಟೇ ನನ್ನ ತಾತ್ಪರ್ಯ.

ಗಾಯವಿಲ್ಲದೆ ನೋವು ಹೇಗೆ ಬಂದೀತೆಂದು ಮನೆಯವರು ಕೇಳುವುದು ಸಹಜ. ಕಾಲಿಗೆ ಮುಳ್ಳು ಚುಚ್ಚಿದರೆ ನರಗಳು ಆ ಸುದ್ದಿಯನ್ನು ಬೆನ್ನುಹುರಿಯ ಮೂಲಕ ಮೆದುಳಿಗೆ ಒಯ್ಯುತ್ತವೆ. ನೋವೆಂಬ ಅನುಭವವು ಅಲ್ಲಿ ಏರ್ಪಡುತ್ತದೆ. ದಾರಿಯಲ್ಲಿ ಈ ಸುದ್ದಿಯನ್ನು ತಗ್ಗಿಸುವ ಏರ್ಪಾಡೂ ಉಂಟು, ಹೆಚ್ಚಿಸುವ ಏರ್ಪಾಡೂ ಉಂಟು. ಫೈಬ್ರೊಮಯಾಲ್ಜಿಯದಲ್ಲಿ ಹದಗೆಟ್ಟಿರುವುದು ಈ ಏರ್ಪಾಡು. ಮನೆಯ ಕಾವಲಿಗೆ ಸಾಕಿದ ನಾಯಿಯನ್ನು ನೆನೆದುಕೊಳ್ಳಿರಿ. ಕಳ್ಳ ಬಂದಾಗ ಬೊಗಳುವುದು ಅದರ ಕೆಲಸ. ಯಾವುದೋ ಕಾರಣದಿಂದ ಬೆದರಿದ ನಾಯಿಯು ಹಾಲಿನವನಿಗೂ ಬೊಗಳುತ್ತದೆ, ಎಲೆ ಉದುರಿದರೂ ಬೊಗಳುತ್ತದೆ, ರಾತ್ರಿಯೆಲ್ಲ ಬೊಗಳುತ್ತದೆ. ಕಳ್ಳನಿಲ್ಲವೆಂಬುದು ನಿಜ, ಆದರೆ ಬೊಗಳುವ ಸದ್ದೂ ಅಷ್ಟೇ ನಿಜ, ಆ ಮನೆಯವರಿಗೆ ನಿದ್ರೆಯಿಲ್ಲವೆಂಬುದೂ ನಿಜ.

ಇದು ಬರಿಯ ಉಪಮೆಯೆಂದು ಯಾರಾದರೂ ಸಂಶಯಪಟ್ಟರೆ ಪ್ರಯೋಗದ ಆಧಾರವೂ ಉಂಟು. ೨೦೦೨ರಲ್ಲಿ ಅಮೆರಿಕದ ಸಂಶೋಧಕರು ಈ ವ್ಯಾಧಿಯುಳ್ಳ ೧೬ ಮಂದಿಯನ್ನೂ ಇಲ್ಲದ ೧೬ ಮಂದಿಯನ್ನೂ ಕರೆದು, ಅವರ ಎಡಗೈ ಹೆಬ್ಬೆರಳಿನ ಉಗುರನ್ನು ಅಳತೆಯಿಟ್ಟು ಒತ್ತುತ್ತ, ಅದೇ ಸಮಯದಲ್ಲಿ ಮೆದುಳಿನ ವ್ಯಾಪಾರವನ್ನು ಎಂ.ಆರ್.ಐ. ಯಂತ್ರದಲ್ಲಿ ನೋಡಿದರು. ಇತರರಿಗೆ ನೋವಾಗಲು ಬೇಕಾಗುವ ಒತ್ತಡದಲ್ಲಿ ಅರ್ಧಕ್ಕಿಂತ ತುಸು ಹೆಚ್ಚಾದಷ್ಟು ಒತ್ತಡಕ್ಕೇ ರೋಗಿಗಳಿಗೆ ಅಷ್ಟು ನೋವಾಯಿತು. ಮೆದುಳಿನಲ್ಲಿ ನೋವಿಗೆ ಸಂಬಂಧಿಸಿದ ಭಾಗಗಳು ಇಬ್ಬರಲ್ಲಿಯೂ ಒಂದೇ ಬಗೆಯಾಗಿ ಎಚ್ಚೆತ್ತುದು ಕಂಡುಬಂದಿತು. ನಟನೆಯಿಂದ ಮೆದುಳನ್ನು ಹೀಗೆ ಎಚ್ಚರಿಸುವುದಾಗದು. ೨೦೨೧ರಲ್ಲಿ ಇಂಗ್ಲೆಂಡ್ ಮತ್ತು ಸ್ವೀಡನ್ ದೇಶಗಳ ಸಂಶೋಧಕರು ರೋಗಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳೆಂಬ ವಸ್ತುವನ್ನು ಇಲಿಗಳಿಗೆ ಕೊಟ್ಟಾಗ, ಆ ಇಲಿಗಳಿಗೂ ಸ್ವಲ್ಪ ಒತ್ತಿದರೆ ನೋಯುವಂತಾಯಿತು. ಮೂಲಕಾರಣವು ಇನ್ನೂ ಚರ್ಚೆಯಲ್ಲಿರುವ ವಿಷಯ. ಒಂದೇ ಮನೆತನದಲ್ಲಿ ಹಲವರಿಗೆ ಇರುವುದುಂಟು. ಅಪಘಾತ, ದೊಡ್ಡ ಕಾಯಿಲೆ, ಬಹುಕಾಲದ ಮನಃಕ್ಲೇಶ, ಇವುಗಳ ತರುವಾಯ ತಲೆದೋರುವುದೂ ಉಂಟು.

ನೋವೊಂದೇ ಆಗಿದ್ದರೆ ಸಹಿಸಬಹುದಾಗಿತ್ತೆಂದು ರೋಗಿಗಳು ಹೇಳುವರು. ನಿದ್ರೆ ಮಾಡಿ ಎದ್ದರೂ ನಿದ್ರೆ ಮಾಡಿದಂತಿಲ್ಲದಿರುವುದು, ಬೆಳಗ್ಗೆ ಮೈಯೆಲ್ಲ ಬಿಗಿದುಕೊಂಡಿರುವುದು, ತಲೆನೋವು, ಹೊಟ್ಟೆಯ ತೊಂದರೆ, ಬೆಳಕನ್ನೂ ಸದ್ದನ್ನೂ ತಾಳಲಾರದಿರುವುದು, ಇವೆಲ್ಲ ಜೊತೆಗೆ ಬರುತ್ತವೆ. ಇವಲ್ಲದೆ ಬುದ್ಧಿಗೆ ಮಂಜು ಕವಿದಂತಾಗುವುದೊಂದುಂಟು: ಒಲೆಯ ಮೇಲೆ ಹಾಲಿಟ್ಟುದು ಮರೆಯುತ್ತದೆ, ಆಡುತ್ತಿದ್ದ ಮಾತಿನ ನಡುವೆ ಬೇಕಾದ ಶಬ್ದವು ಸಿಕ್ಕದೆ ಹೋಗುತ್ತದೆ. ನಿದ್ರೆಗೂ ಈ ನೋವಿಗೂ ಇರುವ ನಂಟನ್ನು ಕೆನಡದ ಟೊರಾಂಟೊ ನಗರದ ಮೊಲ್ಡೊಫ್‌ಸ್ಕಿ ಎಂಬ ವೈದ್ಯರೂ ಅವರ ಸಂಗಡಿಗರೂ ೧೯೭೫ರಲ್ಲಿಯೇ ತೋರಿಸಿದರು. ಆರೋಗ್ಯವಂತರಾದವರು ಗಾಢನಿದ್ರೆಗೆ ಜಾರಿದಾಗಲೆಲ್ಲ ಸದ್ದು ಮಾಡಿ, ಪೂರ್ಣವಾಗಿ ಎಚ್ಚರವಾಗದಂತೆ ಆ ನಿದ್ರೆಯನ್ನು ಮಾತ್ರ ಕೆಡಿಸಿದಾಗ, ಕೆಲವೇ ರಾತ್ರಿಗಳಲ್ಲಿ ಅವರಿಗೂ ಮೈನೋವೂ ಬಳಲಿಕೆಯೂ ಬಂದುವು. ಮನೆಯಲ್ಲಿ ಎಲ್ಲರಿಗಿಂತ ತಡವಾಗಿ ಮಲಗಿ ಎಲ್ಲರಿಗಿಂತ ಮುಂಚೆ ಏಳುವವರು ಯಾರೆಂಬುದನ್ನು ಓದುಗರು ತಾವೇ ಯೋಚಿಸಿಕೊಳ್ಳಬಹುದು.

ಇನ್ನು ಪರೀಕ್ಷೆಯ ಮಾತು. ರಕ್ತಪರೀಕ್ಷೆಯಲ್ಲಾಗಲಿ ಎಕ್ಸ್‌ರೇಯಲ್ಲಾಗಲಿ ಈ ವ್ಯಾಧಿಯು ಕಾಣುವುದಿಲ್ಲ. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ರಕ್ತಹೀನತೆ, ಡಿ ಜೀವಸತ್ತ್ವದ ಕೊರತೆ, ಸಂಧಿವಾತ ಮೊದಲಾದುವು ಇದೇ ವೇಷದಲ್ಲಿ ಬರುವುದರಿಂದ ಅವುಗಳನ್ನು ಹುಡುಕಲು ಪರೀಕ್ಷೆಗಳನ್ನು ಮಾಡಿಸುತ್ತಾರೆ. ೧೯೯೦ರಲ್ಲಿ ಅಮೆರಿಕದ ಸಂಧಿವಾತ ವೈದ್ಯರ ಸಂಸ್ಥೆಯು ದೇಹದ ೧೮ ಸ್ಥಾನಗಳನ್ನು ಗುರುತಿಸಿ, ಬೆರಳಿನಿಂದ ಒತ್ತಿದಾಗ ೧೧ ಕಡೆಯಾದರೂ ನೋಯಬೇಕೆಂದು ನಿಯಮ ಮಾಡಿತ್ತು. ೨೦೧೦ರ ನಿಯಮದಲ್ಲಿ ಈ ಒತ್ತಿ ನೋಡುವ ಕ್ರಮವನ್ನು ಬಿಟ್ಟು, ನೋವು ಎಲ್ಲೆಲ್ಲಿ ಇದೆ, ನಿದ್ರೆ ಹೇಗಿದೆ, ದಣಿವು ಎಷ್ಟು, ಮರೆವು ಎಷ್ಟು ಎಂದು ರೋಗಿಯನ್ನೇ ಕೇಳಿ ನಿರ್ಣಯಿಸುವ ಕ್ರಮವು ಬಂದಿತು. ಲಕ್ಷಣಗಳು ಮೂರು ತಿಂಗಳಾದರೂ ಇದ್ದಿರಬೇಕು. ೨೦೧೬ರ ಪರಿಷ್ಕಾರದಲ್ಲಿ, ಬೇರೆ ರೋಗವಿದ್ದರೂ ಅದರ ಜೊತೆಯಲ್ಲಿ ಇದೂ ಇರಬಹುದೆಂದು ಸ್ಪಷ್ಟಪಡಿಸಿದರು. ಎಂದರೆ ಇಂದು ಈ ವ್ಯಾಧಿಯನ್ನು ಗುರುತಿಸುವ ಸಾಧನವು ರೋಗಿಯ ಬಾಯಿಮಾತೇ. ವೈದ್ಯರು ಆ ಮಾತನ್ನು ಪ್ರಮಾಣವಾಗಿ ಸ್ವೀಕರಿಸುತ್ತಿರುವಾಗ ಮನೆಯವರು ಸ್ವೀಕರಿಸದಿರುವುದು ಎಲ್ಲಿಯ ನ್ಯಾಯ?

ಆದರೂ ಬಹು ಮನೆಗಳಲ್ಲಿ ಹಾಗೆಯೇ ನಡೆಯುತ್ತದೆ. ‘ರಿಪೋರ್ಟಿನಲ್ಲಿ ಏನೂ ಇಲ್ಲ’ ಎಂಬುದು ಮೊದಲ ದಿನ ಎಲ್ಲರಿಗೂ ಸಂತೋಷದ ಸುದ್ದಿ. ಆರು ತಿಂಗಳಾಗುವುದರೊಳಗೆ ಅದೇ ವಾಕ್ಯವು ರೋಗಿಯ ಮೇಲಣ ದೋಷಾರೋಪಣೆಯಾಗಿ ಮಾರ್ಪಡುವುದು. ನನಗೆ ಪರಿಚಿತವಾದ ಒಂದು ಸಂಸಾರವುಂಟು. ತಾಲ್ಲೂಕಿನ ಊರು, ಸ್ವಲ್ಪ ತೆಂಗಿನ ತೋಟ, ತಾಯಿಗೆ ಐವತ್ತೆರಡು ವರ್ಷ, ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ. ನಾಲ್ಕು ವರ್ಷಗಳ ಕಾಲ ಆಕೆಯನ್ನು ಮೂಳೆಯ ಡಾಕ್ಟರ ಬಳಿಯಿಂದ ನರದ ಡಾಕ್ಟರ ಬಳಿಗೆ, ಅಲ್ಲಿಂದ ಮತ್ತೊಬ್ಬರ ಬಳಿಗೆ ಕರೆದುಕೊಂಡು ತಿರುಗಿದರು. ಖರ್ಚು ಏರಿದಂತೆ ಮಾತೂ ಬಿರುಸಾಯಿತು. ನೆಂಟರ ಮದುವೆಯೊಂದರ ಮರುದಿನ ಆಕೆ ಹಾಸಿಗೆಯಿಂದೇಳದಿದ್ದಾಗ ಹಿರಿಯ ಮಗನು, “ಅಮ್ಮಾ, ನಿನ್ನೆ ಮದುವೆಮನೆಯಲ್ಲಿ ಎಲ್ಲರೊಡನೆ ನಗುನಗುತ್ತ ಓಡಾಡಿದೆಯಲ್ಲ, ಇವತ್ತು ಏನು ಬಂತು?” ಎಂದನು. “ನಿನ್ನೆ ಓಡಾಡಿದ್ದಕ್ಕೇ ಕಣಪ್ಪಾ ಇವತ್ತು ಬಂದಿರೋದು,” ಎಂದಳು ತಾಯಿ. ವ್ಯಾಧಿಯ ಸ್ವರೂಪವೆಲ್ಲ ಆ ಒಂದು ಉತ್ತರದಲ್ಲಿತ್ತು. ಮಗನಿಗೆ ಅದು ನೆವವೆಂದು ತೋರಿತು. ಅಂದಿನಿಂದ ಮುಂದಕ್ಕೆ ಸುಮಾರು ಒಂದು ವರ್ಷ ಆಕೆ ನೋವಿನ ಸುದ್ದಿಯನ್ನೇ ಎತ್ತಲಿಲ್ಲವಂತೆ. ಬಚ್ಚಲುಮನೆಗೆ ಹೋಗಿ ಅತ್ತು ಬರುತ್ತಿದ್ದಳಂತೆ.

ಕೊನೆಗೆ ನಗರದ ವೈದ್ಯರೊಬ್ಬರು ವ್ಯಾಧಿಯನ್ನು ಗುರುತಿಸಿ, ಮಗನನ್ನೂ ಸೊಸೆಯನ್ನೂ ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ವಿವರಿಸಿದರು. ಮನೆಯವರ ಪಶ್ಚಾತ್ತಾಪವು ದೊಡ್ಡದಾಯಿತು. ಪಶ್ಚಾತ್ತಾಪದಲ್ಲಿ ಅವರು ಎದುರು ದಿಕ್ಕಿಗೆ ಓಡಿದರು. “ಅತ್ತೆ, ನೀವು ಏಳಬೇಡಿ, ಎಲ್ಲಾ ನಾನು ನೋಡಿಕೊಳ್ಳುತ್ತೇನೆ,” ಎಂದು ಸೊಸೆಯು ಅಡಿಗೆಮನೆಯನ್ನು ಪೂರ್ತಿಯಾಗಿ ವಹಿಸಿಕೊಂಡಳು. ದೇವರ ಮನೆಯ ಕೆಲಸವೂ ತಾಯಿಗೆ ಉಳಿಯಲಿಲ್ಲ. ತಿಂಗಳೆರಡು ಕಳೆಯುವುದರೊಳಗೆ ಆಕೆಯ ಮೈ ಇನ್ನೂ ಬಿಗಿಯಿತು, ಮನಸ್ಸೂ ಕುಗ್ಗಿತು. “ನನ್ನ ಮನೇಲಿ ನನ್ನನ್ನೇ ನೆಂಟರ ಹಾಗೆ ಕೂರಿಸಿಬಿಟ್ಟಿರಲ್ಲಾ,” ಎಂದಳು ಒಂದು ದಿನ. ಸೊಸೆಯು ಜಾಣೆ, ಆ ಮಾತನ್ನು ಆಕ್ಷೇಪಣೆಯೆಂದು ತೆಗೆದುಕೊಳ್ಳದೆ, ಪಕ್ಕದಲ್ಲಿ ಕುಳಿತು, “ಯಾವ ಕೆಲಸ ನಿಮಗೇ ಇರಬೇಕು, ಯಾವುದು ನನಗೆ ಬಿಡುತ್ತೀರಿ, ನೀವೇ ಹೇಳಿ ಅತ್ತೆ,” ಎಂದು ಕೇಳಿದಳು. ದೇವರ ದೀಪ, ಸಾರಿನ ಪುಡಿಯ ಹದ, ತೋಟದ ಲೆಕ್ಕಪತ್ರ, ಇವುಗಳನ್ನು ಆಕೆ ಇರಿಸಿಕೊಂಡಳು. ಗುಡಿಸಿ ಸಾರಿಸುವುದು, ನೀರಿನ ಕೊಡ ಎತ್ತುವುದು, ಚಪಾತಿ ಲಟ್ಟಿಸುವುದು, ಬಟ್ಟೆ ಹಿಂಡುವುದು, ಇವುಗಳನ್ನು ಬಿಟ್ಟುಕೊಟ್ಟಳು. ನೋವು ಹೋಗಲಿಲ್ಲ, ಇಂದಿಗೂ ಇದೆ. ಮನೆಯಲ್ಲಿ ಆಕೆಯ ಸ್ಥಾನವು ಆಕೆಗೆ ಹಿಂದಿರುಗಿತು.

ನಮ್ಮ ಭಾಷೆಯಲ್ಲಿ ರೋಗಿಯ ಸೇವೆಗೆ ‘ಶುಶ್ರೂಷೆ’ ಎನ್ನುತ್ತೇವೆ. ಸಂಸ್ಕೃತದಲ್ಲಿ ಈ ಪದವು ಹುಟ್ಟಿರುವುದು ‘ಶ್ರು’ ಧಾತುವಿನ ಇಚ್ಛಾರ್ಥಕ ರೂಪದಿಂದ. ಶುಶ್ರೂಷೆಯೆಂದರೆ ಕೇಳಬೇಕೆಂಬ ಇಚ್ಛೆ. ಸೇವೆಯೆಂಬ ಅರ್ಥವು ತರುವಾಯ ಬಂದುದು. ಗುರುವಿನ ಮಾತಿಗೆ ಕಿವಿಗೊಟ್ಟಿರುವವನೇ ಗುರುವಿನ ಸೇವಕನಾದುದರಿಂದ ಅರ್ಥವು ಹಾಗೆ ಬೆಳೆಯಿತು. ತರಗತಿಯಲ್ಲಿ ಈ ವ್ಯುತ್ಪತ್ತಿಯನ್ನು ಎಷ್ಟೋ ಬಾರಿ ಹೇಳಿದ್ದೇನೆ. ಆದರೆ ಅದು ಅಕ್ಷರಶಃ ಅನ್ವಯಿಸುವ ವ್ಯಾಧಿಯೊಂದುಂಟೆಂದು ತಿಳಿದುದು ಇತ್ತೀಚೆಗೆ. ಮುರಿದ ಕಾಲಿಗೆ ಪಟ್ಟಿ ಕಟ್ಟಬಹುದು, ಜ್ವರಕ್ಕೆ ಒದ್ದೆಬಟ್ಟೆ ಹಾಕಬಹುದು. ಈ ನೋವು ಇಂದು ಎಲ್ಲಿದೆ, ಎಷ್ಟಿದೆ ಎಂಬುದನ್ನು ಕೇಳಿಯೇ ತಿಳಿಯಬೇಕು. ಕೇಳುವ ರೀತಿಯೂ ಮುಖ್ಯ. ‘ಇವತ್ತೂ ನೋವೇ?’ ಎಂದರೆ ತಾಯಿಯು ‘ಏನಿಲ್ಲ ಬಿಡು’ ಎನ್ನುವಳು. ‘ಅಮ್ಮಾ, ಇವತ್ತು ಯಾವ ಕೆಲಸ ನನಗೆ ಕೊಡುತ್ತೀಯೆ?’ ಎಂದು ಕೇಳಿದರೆ ಉತ್ತರವು ಸುಲಭವಾಗಿ ಬರುವುದು. ದಿನಕ್ಕೆ ಹತ್ತು ಬಾರಿ ಕೇಳಿ ಆಕೆಯ ಗಮನವನ್ನೆಲ್ಲ ನೋವಿನ ಕಡೆಗೇ ತಿರುಗಿಸುವುದೂ ಒಳ್ಳೆಯದಲ್ಲ. ಬೆಳಗ್ಗೆ ಒಮ್ಮೆ ಕೇಳಿದರೆ ಸಾಕು.

ಈ ವ್ಯಾಧಿಯುಳ್ಳವರು ಸಾಮಾನ್ಯವಾಗಿ ಒಂದು ಚಕ್ರದಲ್ಲಿ ಸಿಕ್ಕಿರುತ್ತಾರೆ. ನೋವು ಕಡಮೆಯಾದ ದಿನ, ಉಳಿದಿದ್ದ ಕೆಲಸವನ್ನೆಲ್ಲ ಒಮ್ಮೆಲೇ ಮಾಡಿ ಮುಗಿಸುವರು. ಅದರ ಫಲವಾಗಿ ಮುಂದಿನ ಮೂರು ದಿನ ಏಳಲಾರದಾಗುವರು. ಕೆಲಸ ಮತ್ತೆ ಗುಡ್ಡೆಯಾಗುವುದು. ಹಬ್ಬಗಳು ಬಂದಾಗ ಇದನ್ನು ಕಣ್ಣಾರೆ ನೋಡಬಹುದು. ವರಮಹಾಲಕ್ಷ್ಮೀ ವ್ರತದ ಹಿಂದಿನ ದಿನ ಮನೆ ತೊಳೆದು, ಬೆಳಗಿನ ಜಾವ ಎದ್ದು ಹೋಳಿಗೆಗೆ ಹೂರಣ ರುಬ್ಬಿ, ಮಧ್ಯಾಹ್ನ ಇಪ್ಪತ್ತು ಮಂದಿಗೆ ಬಡಿಸಿ, ಸಂಜೆ ಅರಿಸಿನ ಕುಂಕುಮಕ್ಕೆ ಬಂದವರೊಡನೆ ನಗುತ್ತ ಮಾತನಾಡಿ, ಮರುದಿನದಿಂದ ವಾರ ಪೂರ್ತಿ ಮಲಗಿದ ತಾಯಂದಿರು ಎಷ್ಟು ಮಂದಿ! ಇದಕ್ಕೆ ವೈದ್ಯರು ಹೇಳುವ ಉಪಾಯವೆಂದರೆ ಶಕ್ತಿಯನ್ನು ಸಂಬಳದ ಹಣದಂತೆ ಲೆಕ್ಕವಿಟ್ಟು ವೆಚ್ಚಮಾಡುವುದು. ಒಳ್ಳೆಯ ದಿನವೂ ಮಿತವಾಗಿ ಮಾಡಬೇಕು. ಕೆಟ್ಟ ದಿನವೂ ಪೂರ್ತಿ ನಿಲ್ಲಿಸಬಾರದು. ಇಪ್ಪತ್ತು ನಿಮಿಷ ಕೆಲಸ, ಐದು ಹತ್ತು ನಿಮಿಷ ವಿಶ್ರಾಂತಿ. ನೋವು ಬಂದ ಮೇಲೆ ಕೂರುವುದಲ್ಲ, ಬರುವುದಕ್ಕೆ ಮುಂಚೆಯೇ ಕೂರಬೇಕು. ಇದು ತಾಯಿಯೊಬ್ಬಳೇ ಪಾಲಿಸಬಹುದಾದ ನಿಯಮವಲ್ಲ. ಹಬ್ಬದ ಅಡಿಗೆಯಲ್ಲಿ ಎರಡು ಭಕ್ಷ್ಯ ಕಡಮೆಯಾದರೆ ಸುಮ್ಮನಿರುವ ಗಂಡಸರೂ, ನೆರೆಯವರ ಟೀಕೆಯನ್ನು ತಾವೇ ಎದುರಿಸುವ ಮಕ್ಕಳೂ ಇಲ್ಲದಿದ್ದರೆ ಅದು ನಡೆಯದು. ಲಕ್ಷ್ಮಿಯು ಹೋಳಿಗೆಯ ಸಂಖ್ಯೆಯನ್ನು ಎಣಿಸುವಳೆಂದು ನಾನು ಯಾವ ಕಲ್ಪದಲ್ಲಿಯೂ ಓದಿಲ್ಲ.

ಅಡಿಗೆಮನೆಯ ಏರ್ಪಾಟಿನಲ್ಲಿಯೂ ಅಲ್ಪಸ್ವಲ್ಪ ಬದಲಾವಣೆ ಬೇಕು. ಈಳಿಗೆಮಣೆಯ ಮುಂದೆ ನೆಲದ ಮೇಲೆ ಕುಳಿತು ಏಳುವ ಬದಲು ಮೇಜಿನ ಬಳಿ ಕುಳಿತು ಹೆಚ್ಚುವುದು, ಒಲೆಯ ಮುಂದೆ ಎತ್ತರವಾದ ಸ್ಟೂಲು, ದಿನಬಳಕೆಯ ಡಬ್ಬಗಳನ್ನು ಅಟ್ಟದಿಂದ ಇಳಿಸಿ ಕೈಗೆಟಕುವಲ್ಲಿ ಇಡುವುದು, ಭಾರವಾದ ಕುಕ್ಕರಿಗೆ ಬದಲು ಚಿಕ್ಕವೆರಡು, ಇಷ್ಟೇ. ಖರ್ಚು ಹೆಚ್ಚಿಲ್ಲ. ಮರೆವಿಗೆ ಗೋಡೆಯ ಮೇಲೊಂದು ಹಲಗೆಯೋ ಕ್ಯಾಲೆಂಡರೋ ಸಾಕು. ಮರೆತುದನ್ನು ಎತ್ತಿ ಹಾಸ್ಯಮಾಡುವುದು ಮಾತ್ರ ಕೂಡದು.

ಸ್ಪರ್ಶದ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ತಾಯಿತಂದೆಗಳ ಕಾಲೊತ್ತುವುದು ನಮ್ಮಲ್ಲಿ ಮಕ್ಕಳ ಭಕ್ತಿಯ ಮೊದಲ ಕೆಲಸ. ಈ ವ್ಯಾಧಿಯಲ್ಲಿ ಬಲವಾಗಿ ಒತ್ತಿದರೆ ಸೇವೆಯೇ ಹಿಂಸೆಯಾಗುವುದು. ಮಗನ ಮನಸ್ಸು ನೊಂದೀತೆಂದು ತಾಯಿಯು ಹಲ್ಲುಕಚ್ಚಿ ಸಹಿಸುವಳು. ಕೆಲವರಿಗೆ ಬಳೆಯ ಒತ್ತೂ, ಲಂಗದ ಲಾಡಿಯ ಬಿಗಿಯೂ, ಓಡಿಬಂದು ತೆಕ್ಕೆಗೆ ಬೀಳುವ ಮೊಮ್ಮಗುವೂ ನೋವನ್ನುಂಟುಮಾಡುತ್ತವೆ. ಎಷ್ಟು ಒತ್ತಿದರೆ ಹಿತವೆಂದು ಕೇಳಿ ಮಾಡಬೇಕು. ಬಿಸಿನೀರಿನ ಸ್ನಾನ ಬಹುಮಂದಿಗೆ ಹಿತಕರ. ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ಮೃದುವಾಗಿ ಸವರುವುದೂ ಹಲವರಿಗೆ ಒಗ್ಗುತ್ತದೆ. ಮೊಮ್ಮಗುವಿಗೆ ‘ಅಜ್ಜಿಯ ಪಕ್ಕದಲ್ಲಿ ಮೆಲ್ಲನೆ ಕೂತುಕೋ’ ಎಂದು ಹೇಳಿಕೊಟ್ಟರೆ ಅದು ಬೇಗನೆ ಕಲಿಯುತ್ತದೆ, ದೊಡ್ಡವರಿಗಿಂತ ಬೇಗನೆ.

ಇನ್ನು ವ್ಯಾಯಾಮ. ಯೂರೋಪಿನ ಸಂಧಿವಾತ ವೈದ್ಯರ ಸಂಘವು ೨೦೧೬ರಲ್ಲಿ ಎಲ್ಲ ಚಿಕಿತ್ಸೆಗಳನ್ನೂ ತೂಗಿ ನೋಡಿ, ನಿಸ್ಸಂದೇಹವಾಗಿ ಶಿಫಾರಸು ಮಾಡಿದುದು ಇದೊಂದನ್ನೇ. ನೋಯುವ ಮೈಯನ್ನು ಆಡಿಸಬೇಕೆಂದರೆ ರೋಗಿಗೆ ಕ್ರೌರ್ಯವೆಂದು ತೋರುವುದು. ಆದುದರಿಂದ ಆರಂಭವು ಬಹಳ ಸಣ್ಣದಾಗಿರಬೇಕು. ಐದು ನಿಮಿಷದ ನಡಿಗೆ, ಬೀದಿಯ ತುದಿಯವರೆಗೆ. ಒಂದೆರಡು ವಾರ ಅಷ್ಟೇ. ಅನಂತರ ಒಂದು ನಿಮಿಷ ಹೆಚ್ಚು. ಮೊದಮೊದಲು ನೋವು ತುಸು ಏರುವುದುಂಟು, ಅದರಿಂದ ಅಪಾಯವಿಲ್ಲ. ೨೦೧೦ರಲ್ಲಿ ಅಮೆರಿಕದ ಆರಿಗನ್ ಪ್ರಾಂತದಲ್ಲಿ ೫೩ ಮಂದಿ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂಟು ವಾರ ಮೃದುವಾದ ಯೋಗಾಸನ, ಪ್ರಾಣಾಯಾಮ, ಧ್ಯಾನಗಳನ್ನು ಕಲಿಸಿದಾಗ, ಅವರಲ್ಲಿ ನೋವೂ ಆಯಾಸವೂ ಕಡಮೆಯಾದುವು. ನಮ್ಮ ಕಡೆಯ ಯೋಗದ ಮೇಷ್ಟರುಗಳಲ್ಲಿ ಮೈಯನ್ನು ಬಾಗಿಸಿ ತೋರಿಸುವ ಉತ್ಸಾಹ ಹೆಚ್ಚು. ಅಂಥವರ ತರಗತಿಗೆ ಈ ರೋಗಿಗಳನ್ನು ಕಳುಹಿಸಬಾರದು. ತಾಯಿಯನ್ನು ‘ನಡೆದು ಬಾ’ ಎಂದು ಅಟ್ಟುವುದಕ್ಕಿಂತ ಜೊತೆಯಲ್ಲಿ ಹೋಗುವುದು ಮೇಲು.

ನಿದ್ರೆಗೆ ಮನೆಯವರು ಸಹಾಯಮಾಡಬಹುದಾದಷ್ಟು ವೈದ್ಯರೂ ಮಾಡಲಾರರು. ರಾತ್ರಿ ಹತ್ತರ ಮೇಲೆ ಟೆಲಿವಿಷನ್ನಿನ ಸದ್ದು, ಹಾಸಿಗೆಯ ಪಕ್ಕದಲ್ಲಿ ಮೊಬೈಲಿನ ಬೆಳಕು, ತಡವಾಗಿ ಬಂದ ಮಗನಿಗೆ ಬಿಸಿಯಾಗಿ ಬಡಿಸಲು ಕಾದು ಕುಳಿತಿರುವುದು, ಇವು ನಿಲ್ಲಬೇಕು. ಬಡಿಸಿಕೊಂಡು ಉಣ್ಣುವ ವಿದ್ಯೆಯು ಗಂಡಸರಿಗೆ ಅಸಾಧ್ಯವಾದುದೇನಲ್ಲ.

ಔಷಧಗಳ ವಿಷಯದಲ್ಲಿ ಮನೆಗಳಲ್ಲಿ ಒಂದು ಅಪಾರ್ಥವು ಹರಡಿಕೊಂಡಿದೆ. ವೈದ್ಯರು ಬರೆದುಕೊಡುವ ಅಮಿಟ್ರಿಪ್ಟಿಲೀನ್, ಡುಲೊಕ್ಸೆಟೀನ್ ಎಂಬುವು ಮನಸ್ಸಿನ ಖಿನ್ನತೆಗೂ, ಪ್ರಿಗ್ಯಾಬಲಿನ್ ಎಂಬುದು ಮೂರ್ಛೆರೋಗಕ್ಕೂ ಕೊಡುವ ಔಷಧಗಳು. ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿದ ಮಗನು, ‘ಅಮ್ಮನಿಗೆ ಹುಚ್ಚಿನ ಮಾತ್ರೆ ಕೊಟ್ಟಿದ್ದಾರೆ’ ಎಂದು ಗಾಬರಿಯಾಗುವನು. ಈ ಔಷಧಗಳು ನೋವಿನ ಸುದ್ದಿಯನ್ನು ತಗ್ಗಿಸುವ ನರಮಾರ್ಗಗಳ ಮೇಲೂ ಕೆಲಸಮಾಡುವುದರಿಂದ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಪ್ರಿಗ್ಯಾಬಲಿನ್‌ಗೆ ೨೦೦೭ರಲ್ಲಿಯೂ ಡುಲೊಕ್ಸೆಟೀನ್‌ಗೆ ೨೦೦೮ರಲ್ಲಿಯೂ ಈ ವ್ಯಾಧಿಗೆಂದೇ ಅಮೆರಿಕದಲ್ಲಿ ಸರಕಾರದ ಅನುಮತಿ ದೊರೆಯಿತು. ಎಲ್ಲರಿಗೂ ಗುಣ ಕೊಡುವುದಿಲ್ಲ. ಕೊಟ್ಟವರಿಗೂ ನ��ವು ಪೂರ್ತಿ ಹೋಗುವುದಿಲ್ಲ. ಬಾಯಿ ಒಣಗುವುದು, ತೂಕಡಿಕೆ ಮುಂತಾದ ಉಪದ್ರವಗಳೂ ಉಂಟು. ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಅಂಗಡಿಯಲ್ಲಿ ಕೊಳ್ಳುವ ನೋವಿನ ಮಾತ್ರೆಗಳಿಂದ ಈ ನೋವಿಗೆ ಹೆಚ್ಚು ಫಲವಿಲ್ಲ. ದಿನವೂ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಸ್ಟೆರಾಯ್ಡ್ ಔಷಧಗಳು ಇದಕ್ಕೆ ಸಲ್ಲವು. ‘ಮೂರು ದಿನದಲ್ಲಿ ಗುಣ’ ಎಂದು ಹೆಸರಿಲ್ಲದ ಪುಡಿಯನ್ನೋ ಇಂಜೆಕ್ಷನ್ನನ್ನೋ ಕೊಡುವವರಿಂದ ದೂರವಿರುವುದು ಲೇಸು.

ನಾನು ಬಹುಕಾಲ ಪಾಠಶಾಲೆಯಲ್ಲಿದ್ದವನಾದುದರಿಂದ ಚಿಕ್ಕ ಮಕ್ಕಳ ವಿಷಯವನ್ನು ಬಿಡಲಾರೆ. ತಾಯಿಯು ಇನ್ನೂ ಚಿಕ್ಕ ವಯಸ್ಸಿನವಳಾಗಿದ್ದು ಈ ವ್ಯಾಧಿಗೆ ಗುರಿಯಾದ ಮನೆಗಳಲ್ಲಿ, ಹನ್ನೊಂದು ಹನ್ನೆರಡು ವರ್ಷದ ಹುಡುಗಿಯ ಮೇಲೆ ಮನೆಯ ಭಾರವು ಸದ್ದಿಲ್ಲದೆ ಬಂದು ಕೂರುವುದು. ತಮ್ಮನಿಗೆ ಸ್ನಾನ ಮಾಡಿಸಿ, ಅಕ್ಕಿಗಿಟ್ಟು, ಗಂಟೆ ಹೊಡೆದ ಮೇಲೆ ಶಾಲೆಗೆ ಓಡಿಬರುವ ಇಂಥ ಮಕ್ಕಳನ್ನು ತಡವಾಯಿತೆಂದು ಬಾಗಿಲ ಹೊರಗೆ ನಿಲ್ಲಿಸುವ ಶಾಲೆಗಳೂ ಉಂಟು. ಆ ಮಕ್ಕಳ ಮನಸ್ಸಿನಲ್ಲಿ ಎರಡು ಪ್ರಶ್ನೆಗಳಿರುತ್ತವೆ. ಅವನ್ನು ಯಾರೊಡನೆಯೂ ಕೇಳರು. ಅಮ್ಮ ಸತ್ತುಹೋಗುತ್ತಾಳೆಯೇ? ನಾನು ಹಟಮಾಡಿದ್ದರಿಂದಲೇ ಅಮ್ಮನಿಗೆ ಹೀಗಾಯಿತೇ? ಎರಡಕ್ಕೂ ದೊಡ್ಡವರು ತಾವಾಗಿಯೇ, ಕೇಳುವುದಕ್ಕೆ ಮುಂಚೆಯೇ ಉತ್ತರ ಹೇಳಬೇಕು. ಈ ವ್ಯಾಧಿಯು ಪ್ರಾಣ ತೆಗೆಯುವುದಲ್ಲ, ಕೈಕಾಲುಗಳನ್ನು ಸೊಟ್ಟಮಾಡುವುದಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದೂ ಅಲ್ಲ, ಯಾವ ಮಗುವಿನ ಹಟದಿಂದಲೂ ಬಂದುದಲ್ಲ. ಅಮ್ಮ ಸಿಡುಕಿದ ದಿನ, ‘ಅಮ್ಮನಿಗೆ ನಿನ್ನ ಮೇಲೆ ಕೋಪವಿಲ್ಲ, ಇವತ್ತು ನೋವು ಜಾಸ್ತಿ’ ಎಂದು ತಂದೆಯು ಮಗುವನ್ನು ಪಕ್ಕಕ್ಕೆ ಕರೆದು ಹೇಳಿದರೆ ಅದರ ಎದೆಯ ಭಾರವಿಳಿಯುವುದು. ಕೈಲಾದ ಕೆಲಸವನ್ನು ಮಗುವು ಮಾಡಲಿ. ಅದರ ಓದನ್ನೂ ಆಟವನ್ನೂ ಮಾತ್ರ ಮನೆಗೆಲಸವು ನುಂಗಬಾರದು. ಉಪಾಧ್ಯಾಯರಿಗೆ ಒಂದು ಮಾತು ತಿಳಿಸಿಟ್ಟಿರುವುದು ಒಳ್ಳೆಯದು.

ತಂದೆಗೂ ಈ ವ್ಯಾಧಿ ಬರಬಹುದು. ಗಂಡಸರು ಇದನ್ನು ಹೇಳಿಕೊಳ್ಳುವುದು ಇನ್ನೂ ಕಡಮೆ. ಹೆಂಗಸರ ಕಾಯಿಲೆಯೆಂಬ ಹೆಸರು ಬಿದ್ದಿರುವುದರಿಂದ ನಾಚುವರು, ವೈದ್ಯರೂ ಕೆಲವು ವೇಳೆ ಗುರುತಿಸದೆ ಬಿಡುವರು. ದುಡಿಯುವ ತಂದೆಯಾಗಲಿ ತಾಯಿಯಾಗಲಿ ರಜೆಗೂ ಕೆಲಸದ ರಿಯಾಯಿತಿಗೂ ಪೇಚಾಡಬೇಕಾಗುವುದು. ನಮ್ಮ ದೇಶದ ೨೦೧೬ರ ಅಂಗವಿಕಲರ ಹಕ್ಕುಗಳ ಕಾನೂನು ಹೆಸರಿಸಿದ ೨೧ ವೈಕಲ್ಯಗಳಲ್ಲಿ ಫೈಬ್ರೊಮಯಾಲ್ಜಿಯ ಸೇರಲಿಲ್ಲ. ಆದುದರಿಂದ ವೈದ್ಯರ ಚೀಟಿಯನ್ನೂ ಹಳೆಯ ಕಾಗದಗಳನ್ನೂ ಒಂದು ಕಡೆ ಜೋಪಾನವಾಗಿ ಇಟ್ಟುಕೊಂಡಿರಬೇಕು. ಪ್ರತಿವರ್ಷವೂ ಮೇ ೧೨ನೆಯ ತಾರೀಖನ್ನು ಈ ವ್ಯಾಧಿಯ ತಿಳಿವಳಿಕೆಯ ದಿನವೆಂದು ಹಲವು ದೇಶಗಳಲ್ಲಿ ಆಚರಿಸುತ್ತಾರೆ. ಅದು ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಕ್ರಿಮಿಯ ಯುದ್ಧದಿಂದ ಹಿಂದಿರುಗಿದ ಆ ಮಹಾತಾಯಿಯು ತಾನೂ ಹಲವು ವರ್ಷ ಹಾಸಿಗೆ ಹಿಡಿದಿದ್ದು, ಮಲಗಿದಲ್ಲಿಂದಲೇ ಬರೆದು ಕೆಲಸ ನಡೆಸಿದವಳು.

ಕಡೆಯದಾಗಿ ಒಂದು ಎಚ್ಚರಿಕೆ. ವ್ಯಾಧಿಗೆ ಹೆಸರು ಸಿಕ್ಕಿದ ಮೇಲೆ, ಬಂದ ತೊಂದರೆಯನ್ನೆಲ್ಲ ಅದರ ತಲೆಗೇ ಕಟ್ಟುವ ಅಭ್ಯಾಸವು ಮನೆಯವರಿಗೂ ರೋಗಿಗೂ ಬಂದುಬಿಡುವುದು. ಕೀಲುಗಳು ಕೆಂಪಾಗಿ ಊದಿಕೊಂಡರೆ, ಜ್ವರ ಬಿಡದಿದ್ದರೆ, ಕಾರಣವಿಲ್ಲದೆ ಮೈ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಅದು ಫೈಬ್ರೊಮಯಾಲ್ಜಿಯವಲ್ಲ. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಎದೆನೋವು ಬಂದರೆ, ಒಂದು ಪಕ್ಕದ ಕೈಕಾಲಿನಲ್ಲಿ ಬಲ ಹೋದರೆ, ಇಲ್ಲವೆ ಬದುಕು ಬೇಡವೆಂಬ ಮಾತು ತಾಯಿಯ ಬಾಯಲ್ಲಿ ಬಂದರೆ, ಮಾರನೆಯ ದಿನಕ್ಕೆ ಬಿಡದೆ ಕೂಡಲೇ ಕರೆದುಕೊಂಡು ಹೋಗತಕ್ಕದ್ದು.